ಇಬ್ಬರು ಹುಡುಗಿಯರಿಗೆ ಸಿಕ್ಕ ಮನೆ, ಒಂದು ಜೋಡಿಗೆ ಸಿಗದ ಮನೆ: ಬಳ್ಳಾರಿಯ ಒಂದು ಪ್ರಕರಣ ಅಧ್ಯಯನ

ಈ ಪ್ರಕರಣದ ಇಬ್ಬರೂ ಬಳ್ಳಾರಿಯಲ್ಲಿ ದುಡಿದು ತಿನ್ನುವವರು. ಆತ ಕೊಪ್ಪಳ ಜಿಲ್ಲೆಯ ಯಲಬುರ್ಗಾ ತಾಲ್ಲೂಕಿನ ಹಳ್ಳಿಯಿಂದ ಬಂದವನು, ನಗರದ ಜೀನ್ಸ್ ಹೊಲಿಗೆ ಘಟಕವೊಂದರಲ್ಲಿ ಮೇಲ್ವಿಚಾರಕ. ಆಕೆ ಸಿರುಗುಪ್ಪ ಕಡೆಯವಳು, ಖಾಸಗಿ ನರ್ಸಿಂಗ್ ಹೋಮ್ ಒಂದರಲ್ಲಿ ಸ್ಟಾಫ್ ನರ್ಸ್. 2023ರ ಆರಂಭದಲ್ಲಿ ಆಪ್ತಸಮಾಲೋಚನೆಗಾಗಿ ನನ್ನ ಬಳಿ ಬಂದಾಗ ಆತನಿಗೆ 26, ಆಕೆಗೆ 24 ವರ್ಷ. ಗುರುತು ಹತ್ತಬಾರದೆಂದು ಹೆಸರುಗಳನ್ನು ಬಿಟ್ಟು, ಕೆಲವು ವಿವರಗಳನ್ನು ಬದಲಿಸಿ, ಇಬ್ಬರ ಒಪ್ಪಿಗೆಯ ಮೇಲೆ ಇದನ್ನು ಬರೆಯುತ್ತಿದ್ದೇನೆ. ಆತ ಟ್ರಾನ್ಸ್ ಪುರುಷ, ಅಂದರೆ ಹುಟ್ಟಿದಾಗ ಹೆಣ್ಣೆನಿಸಿಕೊಂಡು ಈಗ ಗಂಡಾಗಿ ಬದುಕುವವನು. ಶಾಲೆಯ ದಾಖಲೆಗಳಲ್ಲಿ ಹೆಣ್ಣು ಎಂದಿದೆ. ಆದರೂ ಹಿಂದಿನ ವರ್ಷಗಳ ಮಾತು ಬಂದಾಗಲೂ ಇಲ್ಲಿ ‘ಆತ’ ಎಂದೇ ಬರೆದಿದ್ದೇನೆ, ಏಕೆಂದರೆ ತನ್ನ ಬಾಲ್ಯವನ್ನು ಆತ ಹೇಳಿಕೊಳ್ಳುವುದೂ ಹಾಗೆಯೇ.

ಲಿಂಗ ಪರಿವರ್ತನೆಯ ಪ್ರಕರಣಗಳನ್ನು ದಾಖಲಿಸುವಾಗ ಪರಿವರ್ತನೆ ಹೊಂದುವವರ ದೇಹ, ಮನಸ್ಸು, ದಾಖಲೆಗಳ ಬಗ್ಗೆ ಪುಟಗಟ್ಟಲೆ ಬರೆಯುವುದುಂಟು. ಸಂಗಾತಿಯ ವಿಷಯ ಮಾತ್ರ ‘ಜೊತೆಗೆ ನಿಂತಳು’ ಅಥವಾ ‘ಬಿಟ್ಟುಹೋದಳು’ ಎಂಬ ಒಂದು ಸಾಲಿಗೆ ಇಳಿದುಬಿಡುತ್ತದೆ. ಈ ಜೋಡಿಯೊಂದಿಗೆ ಕೆಲಸ ಮಾಡುತ್ತ ನನಗೆ ಕಂಡದ್ದು ಬೇರೆ. ಹಾರ್ಮೋನಿನ ಚುಚ್ಚುಮದ್ದು ಬದಲಿಸಿದ್ದು ಒಬ್ಬನ ದೇಹವನ್ನು. ಅದರ ಬೆನ್ನಿಗೇ ಓಣಿ, ಮನೆ ಮಾಲೀಕರು, ಬಂಧುಗಳು, ಕಚೇರಿಗಳು ಈ ಇಬ್ಬರನ್ನು ಒಟ್ಟಾಗಿ ನೋಡುವ ಬಗೆ ಬದಲಾಯಿತು. ಸಂಬಂಧ ಮುರಿಯುವ ಅಂಚಿಗೆ ಬಂದು ನಿಂತದ್ದು ಹೆಚ್ಚಾಗಿ ಈ ಎರಡನೆಯ ಬದಲಾವಣೆಯಿಂದ, ಮತ್ತು ಅದಕ್ಕೆ ಯಾವ ವೈದ್ಯರೂ ಅವರನ್ನು ಸಿದ್ಧಗೊಳಿಸಿರಲಿಲ್ಲ.

ಮೊದಲಿನ ವರ್ಷಗಳು

ಇಬ್ಬರ ಪರಿಚಯವಾದದ್ದು 2018ರಲ್ಲಿ, ಬಳ್ಳಾರಿಯ ಲೇಡೀಸ್ ಪಿ.ಜಿ.ಯೊಂದರಲ್ಲಿ. ಆ ವರ್ಷದ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟು ವಯಸ್ಕರ ನಡುವಿನ ಸಮ್ಮತಿಯ ಸಲಿಂಗ ಸಂಬಂಧವನ್ನು ಭಾರತೀಯ ದಂಡ ಸಂಹಿತೆಯ 377ನೇ ಕಲಮಿನ ಅಪರಾಧದಿಂದ ಹೊರಗಿಟ್ಟಿತು. ನರ್ಸಿಂಗ್ ಓದುತ್ತಿದ್ದ ಆಕೆ ಆ ಸುದ್ದಿಯನ್ನು ಫೋನಿನಲ್ಲಿ ಓದಿ, ತಾನು ಹೆಣ್ಣನ್ನು ಪ್ರೀತಿಸುವ ಹೆಣ್ಣು ಎಂಬುದನ್ನು ಮೊದಲ ಸಲ ಅಂಜಿಕೆಯಿಲ್ಲದೆ ತನಗೆ ತಾನೇ ಒಪ್ಪಿಕೊಂಡಳು. ಈ ಸಂಗತಿಯನ್ನು ಓದುಗರು ನೆನಪಿನಲ್ಲಿಡಬೇಕು. ಮುಂದೆ ಆಕೆ ಅನುಭವಿಸಿದ ಸಂಕಟದ ಒಂದು ಭಾಗ ಇದರಲ್ಲಿದೆ.

2020ರಲ್ಲಿ ಲಾಕ್‌ಡೌನ್ ಸಡಿಲವಾದ ಮೇಲೆ ಇಬ್ಬರೂ ಕೌಲ್‌ಬಜಾರ್ ಕಡೆಯ ಓಣಿಯೊಂದರಲ್ಲಿ ಒಂದು ಕೋಣೆ, ಅಡುಗೆಮನೆಯ ಬಾಡಿಗೆ ಮನೆ ಹಿಡಿದರು. ದುಡಿಯುವ ಇಬ್ಬರು ಹುಡುಗಿಯರು, ಗದ್ದಲವಿಲ್ಲ, ಬಾಡಿಗೆ ತಿಂಗಳ ಮೊದಲ ವಾರವೇ ಕೈಸೇರುತ್ತದೆ ಎಂದು ಮಾಲೀಕರ ಹೆಂಡತಿಗೆ ಸಮಾಧಾನವಿತ್ತು. “ಅಕ್ಕ ತಂಗಿ ಇದ್ದಂಗ ಅದಾವು” ಎಂದು ಆಕೆ ಅಕ್ಕಪಕ್ಕದವರಿಗೆ ಹೇಳುತ್ತಿದ್ದಳಂತೆ. ಒಂದೇ ಹಾಸಿಗೆ, ಒಂದೇ ಒಲೆ, ಒಂದೇ ಗಾಡಿ ಯಾರ ಕಣ್ಣಿಗೂ ವಿಚಿತ್ರವೆನಿಸಲಿಲ್ಲ. ಎರಡು ವರ್ಷ ಹೀಗೆ ಕಳೆಯಿತು. ತಮ್ಮ ಸಂಬಂಧ ಯಾರಿಗೂ ಕಾಣದಿದ್ದುದೇ ತಮಗೆ ದೊಡ್ಡ ಆಸರೆಯಾಗಿತ್ತು ಎಂಬುದು ಅದು ಹೋಗುವವರೆಗೂ ಅವರಿಗೆ ಗೊತ್ತಾಗಲಿಲ್ಲ.

2022ರ ದೀಪಾವಳಿಯ ಸುಮಾರಿಗೆ ಆತ ತಾನು ಹುಡುಗನೆಂದೂ ಹೆಣ್ಣಾಗಿ ಇನ್ನು ಬದುಕಲಾರೆನೆಂದೂ ಆಕೆಗೆ ಹೇಳಿದ. ಆಕೆ ಕೊಟ್ಟ ಉತ್ತರ “ನನಗ ಗೊತ್ತೈತಿ ಬಿಡು” ಎಂಬುದು. ಆತ ಅದನ್ನು ಪೂರ್ಣ ಒಪ್ಪಿಗೆ ಎಂದುಕೊಂಡ. ಆಕೆಯ ಅರ್ಥದಲ್ಲಿ ಅದು ಆ ರಾತ್ರಿ ಅಳುತ್ತಿದ್ದವನನ್ನು ಸಂತೈಸಲು ಆಡಿದ ಮಾತು. ಮುಂದಿನ ಎರಡು ವರ್ಷ ಪ್ರತಿ ಜಗಳದಲ್ಲಿಯೂ ಈ ಮಾತು ಸಾಕ್ಷಿಯಾಗಿ ಎದ್ದು ನಿಂತಿತು.

ಚಿಕಿತ್ಸೆಯ ಆರಂಭ

ಆತ ನನ್ನಲ್ಲಿಗೆ ಬಂದದ್ದು ಹಾರ್ಮೋನು ಚಿಕಿತ್ಸೆಗೆ ಪತ್ರ ಬೇಕೆಂದು. ಆಕೆ ಬಂದದ್ದು ಜೊತೆಗಿರಲು. ಪತ್ರ ಕೊಡುವುದು ಮನೋವೈದ್ಯರ ಕೆಲಸವೆಂದು ತಿಳಿಸಿ ಅವರಲ್ಲಿಗೆ ಕಳಿಸಿದೆ. ವಿಶ್ವ ಆರೋಗ್ಯ ಸಂಸ್ಥೆಯ ರೋಗ ವರ್ಗೀಕರಣದ ಹನ್ನೊಂದನೆಯ ಆವೃತ್ತಿ 2022ರ ಜನವರಿಯಿಂದ ಜಾರಿಗೆ ಬಂದಿದ್ದು, ಲಿಂಗತ್ವದ ಈ ಹೊಂದಿಕೆಯಾಗದ ಸ್ಥಿತಿಯನ್ನು ಅದು ಮಾನಸಿಕ ಕಾಯಿಲೆಗಳ ಅಧ್ಯಾಯದಿಂದ ತೆಗೆದು ಲೈಂಗಿಕ ಆರೋಗ್ಯದ ಅಧ್ಯಾಯಕ್ಕೆ ಸೇರಿಸಿದೆ. ಹಾಗಾಗಿ ಮನೋವೈದ್ಯರ ಪರೀಕ್ಷೆ ಹುಚ್ಚನ್ನು ಹುಡುಕುವುದಕ್ಕಲ್ಲ. ವ್ಯಕ್ತಿಗೆ ಚಿಕಿತ್ಸೆಯ ಪರಿಣಾಮಗಳು ತಿಳಿದಿವೆಯೇ, ಖಿನ್ನತೆಯಂಥದ್ದೇನಾದರೂ ಇದ್ದರೆ ಅದಕ್ಕೂ ಆರೈಕೆ ಸಿಗುತ್ತಿದೆಯೇ ಎಂದು ನೋಡುವುದಕ್ಕೆ. ಆತನಲ್ಲಿ ಸೌಮ್ಯ ಖಿನ್ನತೆಯಿತ್ತು. ಅದಕ್ಕಿಂತ ತುರ್ತಾದ ಸಂಗತಿಯೊಂದಿತ್ತು: ಎದೆ ಕಾಣಬಾರದೆಂದು ಆತ ದಿನವಿಡೀ ಕ್ರೇಪ್ ಬ್ಯಾಂಡೇಜನ್ನು ಬಿಗಿಯಾಗಿ ಸುತ್ತಿಕೊಳ್ಳುತ್ತಿದ್ದ. ಬಳ್ಳಾರಿಯ ಏಪ್ರಿಲ್ ತಿಂಗಳ ಬಿಸಿಲಿನಲ್ಲಿ, ತಗಡಿನ ಚಾವಣಿಯ ಘಟಕದೊಳಗೆ, ಹೊಲಿಗೆ ಯಂತ್ರಗಳ ಸಾಲುಗಳ ನಡುವೆ ಹತ್ತು ತಾಸು ಹಾಗೆ ನಿಂತು ಪಕ್ಕೆಲುಬಿನ ನೋವು, ಉಬ್ಬಸ, ಚರ್ಮದ ಗುಳ್ಳೆಗಳು ಬಂದಿದ್ದವು. ಬ್ಯಾಂಡೇಜು ಬಿಟ್ಟು, ಇದಕ್ಕೆಂದೇ ಹೊಲಿದ ಒಳಉಡುಪನ್ನು ಕೆಲವೇ ತಾಸು ತೊಡುವ ಏರ್ಪಾಟಾಯಿತು.

ಬೆಂಗಳೂರಿನ ಎಂಡೊಕ್ರಿನಾಲಜಿಸ್ಟ್ (ಹಾರ್ಮೋನು ತಜ್ಞರು) ಒಬ್ಬರನ್ನು ಕಂಡು 2023ರ ಜೂನ್‌ನಲ್ಲಿ ಟೆಸ್ಟೊಸ್ಟಿರೋನ್ ಎಂಬ ಗಂಡು ಹಾರ್ಮೋನಿನ ಚುಚ್ಚುಮದ್ದು ಆರಂಭವಾಯಿತು. ಮುಟ್ಟು ಸಾಮಾನ್ಯವಾಗಿ ಆರು ತಿಂಗಳೊಳಗೆ ನಿಲ್ಲುತ್ತದೆ. ಮೂರನೆಯ ತಿಂಗಳ ಸುಮಾರಿಗೆ ದನಿ ಒಡೆಯಲು ಶುರುವಾಗಿ ಒಂದೆರಡು ವರ್ಷಗಳಲ್ಲಿ ಒಂದು ನೆಲೆಗೆ ನಿಲ್ಲುತ್ತದೆ. ಗಡ್ಡ ಮೀಸೆ ಪೂರ್ತಿ ತುಂಬಲು ನಾಲ್ಕೈದು ವರ್ಷವೇ ಬೇಕಾಗಬಹುದು. ಚುಚ್ಚುಮದ್ದು ನಿಲ್ಲಿಸಿದರೆ ಕೊಬ್ಬಿನ ಹಂಚಿಕೆಯಂಥ ಕೆಲವು ಬದಲಾವಣೆಗಳು ಹಿಂದಿರುಗುತ್ತವೆ, ದನಿ ಹಿಂದಿರುಗುವುದಿಲ್ಲ. ರಕ್ತ ದಪ್ಪವಾಗುವ ಅಪಾಯವಿರುವುದರಿಂದ ಮೊದಲ ವರ್ಷ ಮೂರು ತಿಂಗಳಿಗೊಮ್ಮೆ ರಕ್ತ ಪರೀಕ್ಷೆ ಮಾಡಿಸಬೇಕು. ಇವೆಲ್ಲವನ್ನೂ ವೈದ್ಯರು ಆತನಿಗೆ ವಿವರಿಸಿ ಸಹಿ ಪಡೆದರು. ಆಕೆಯೂ ಅದೇ ಕೋಣೆಯಲ್ಲಿ ಕುಳಿತಿದ್ದಳು. ಆಕೆಯನ್ನು ಕೇಳಿದ ಪ್ರಶ್ನೆ ಒಂದೇ: ನೀವು ನರ್ಸ್ ಅಲ್ಲವೇ, ಇಂಜೆಕ್ಷನ್ ನೀವೇ ಕೊಡುತ್ತೀರಾ?

ಆಕೆ ಒಪ್ಪಿದಳು. ಮೂರು ವಾರಕ್ಕೊಮ್ಮೆ ಸ್ನಾಯುವಿನ ಆಳಕ್ಕೆ ಕೊಡುವ ಆ ಚುಚ್ಚುಮದ್ದನ್ನು ಮನೆಯಲ್ಲೇ ಕೊಡತೊಡಗಿದಳು. ಹಣ ಉಳಿಯಿತು, ಗುಟ್ಟೂ ಉಳಿಯಿತು. ಆದರೆ ದಿನಾಂಕ ನೆನಪಿಡುವುದು, ರಕ್ತದ ವರದಿ ಓದುವುದು, ಮೊಡವೆಗೆ ಮುಲಾಮು ತರುವುದು, ಬೆಂಗಳೂರಿಗೆ ರಾತ್ರಿ ರೈಲಿನ ಟಿಕೆಟ್ ಕಾಯ್ದಿರಿಸುವುದು ಎಲ್ಲವೂ ಆಕೆಯ ಪಾಲಿಗೆ ಬಂದವು. ಬೇರೆ ಕೂಡಿಸಿಕೊಂಡು ಮಾತಾಡಿಸಿದಾಗ ಆಕೆ ಹೇಳಿದ್ದು, “ಡ್ಯೂಟಿ ಮುಗಿಸಿ ಮನಿಗೆ ಬಂದ್ರ ಮತ್ತೊಂದು ಡ್ಯೂಟಿ ಇದ್ದಂಗ ಅನಸ್ತದ ಮೇಡಂ” ಎಂದು. ನಿನಗೇನು ಬೇಕು ಎಂದು ಕೇಳಿದರೆ ಆತನಿಗೆ ಬೇಕಾದವುಗಳನ್ನೇ ಒಂದೊಂದಾಗಿ ಹೇಳುತ್ತಿದ್ದಳು. ಚುಚ್ಚುಮದ್ದನ್ನು ಬಡಾವಣೆಯ ಕ್ಲಿನಿಕ್‌ವೊಂದಕ್ಕೆ ವರ್ಗಾಯಿಸಬೇಕು, ದಿನಾಂಕಗಳ ಹೊಣೆ ಆತನದೇ ಆಗಬೇಕು ಎಂಬುದು ಈ ಪ್ರಕರಣದಲ್ಲಿ ನಾನು ಕೊಟ್ಟ ಮೊದಲ ಸಲಹೆ. ಆತನಿಗೆ ಅದು ಆಕೆ ದೂರ ಸರಿಯುತ್ತಿರುವ ಲಕ್ಷಣವಾಗಿ ಕಂಡಿತು. ಒಪ್ಪಲು ಮೂರು ತಿಂಗಳು ಹಿಡಿಯಿತು.

ಜಗಳಗಳು ಮತ್ತು ಕ್ಯಾಲೆಂಡರ್

ಐದಾರು ತಿಂಗಳಲ್ಲಿ ಮನೆಯಲ್ಲಿ ಜಗಳ ಹೆಚ್ಚಿದವು. ಆತ ದನಿ ಏರಿಸುತ್ತಿದ್ದ. ರಾತ್ರಿ ಪಾಳಿಗೆ ಯಾರ ಗಾಡಿಯಲ್ಲಿ ಹೋದೆ, ಡಾಕ್ಟರ್ ಜೊತೆ ಏಕೆ ನಗುತ್ತಿದ್ದೆ ಎಂದು ಕೇಳುತ್ತಿದ್ದ. ಒಮ್ಮೆ ಫೋನು ಕಸಿದುಕೊಂಡ. ಆತನೂ ಆಕೆಯೂ, ಆತನ ಅಣ್ಣನೂ ಇದಕ್ಕೆ ಕೊಟ್ಟ ಕಾರಣ ಒಂದೇ: ಇಂಜೆಕ್ಷನ್. ಗಂಡಸಿನ ಹಾರ್ಮೋನು ಒಳಗೆ ಹೋಗಿದೆ, ಸಿಟ್ಟು ಬರುತ್ತದೆ ಎಂಬ ಈ ವಿವರಣೆ ಎಲ್ಲರಿಗೂ ಅನುಕೂಲಕರವಾಗಿತ್ತು, ಏಕೆಂದರೆ ಅದರಲ್ಲಿ ಯಾರೂ ಜವಾಬ್ದಾರರಲ್ಲ.

ಗೋಡೆಯ ಕ್ಯಾಲೆಂಡರಿನಲ್ಲಿ ಚುಚ್ಚುಮದ್ದಿನ ದಿನಗಳಿಗೆ ಒಂದು ಗುರುತು, ಜಗಳದ ದಿನಗಳಿಗೆ ಇನ್ನೊಂದು ಗುರುತು ಹಾಕಲು ಇಬ್ಬರಿಗೂ ಹೇಳಿದೆ. ಮದ್ದು ತೆಗೆದುಕೊಂಡ ಮೊದಲ ದಿನಗಳಲ್ಲಿ ಮತ್ತು ಮುಂದಿನ ಮದ್ದು ಹತ್ತಿರವಾದಾಗ ಹಾರ್ಮೋನಿನ ಮಟ್ಟ ಏರಿಳಿದು ಕೆಲವರಲ್ಲಿ ಕಿರಿಕಿರಿ, ದಣಿವು ಕಾಣಿಸುವುದು ನಿಜ. ಆದರೆ ಇವರ ಕ್ಯಾಲೆಂಡರಿನಲ್ಲಿ ಎರಡು ಗುರುತುಗಳೂ ಹೊಂದಲಿಲ್ಲ. ಜಗಳಗಳು ತಿಂಗಳ ಕೊನೆಯ ವಾರದಲ್ಲಿ ಮತ್ತು ಊರಿನಿಂದ ಫೋನು ಬಂದ ಮರುದಿನ ಗುಂಪುಗೂಡಿದ್ದವು. ಮಾತು ಮುಂದುವರಿದಂತೆ ಮತ್ತೊಂದು ಸಂಗತಿ ಹೊರಬಂತು. ದನಿ ಒಡೆದ ಮೇಲೆ ಘಟಕದ ಕಟಿಂಗ್ ವಿಭಾಗದ ಗಂಡಸರು ಆತನನ್ನು ಚಹಾದ ಅಂಗಡಿಗೆ ಕರೆಯತೊಡಗಿದ್ದರು. ಹೆಣ್ಣನ್ನು ಹದ್ದುಬಸ್ತಿನಲ್ಲಿ ಇಡದವನು ಗಂಡಸೇ ಅಲ್ಲ ಎಂಬ ಧಾಟಿಯ ಮಾತುಗಳನ್ನು ಆತ ಅಲ್ಲಿ ನಿತ್ಯ ಕೇಳುತ್ತಿದ್ದ, ಮತ್ತು ತನ್ನ ಗಂಡಸುತನವನ್ನು ಯಾರಾದರೂ ಪ್ರಶ್ನಿಸಿಯಾರೆಂಬ ಭಯದಲ್ಲಿ ಅದನ್ನೇ ಮನೆಗೆ ತರುತ್ತಿದ್ದ. ನನ್ನ ಅಭಿಪ್ರಾಯದಲ್ಲಿ ಆ ಸಿಟ್ಟು ಔಷಧದ ಸೀಸೆಯಿಂದ ಬಂದದ್ದಕ್ಕಿಂತ ಚಹಾದ ಅಂಗಡಿಯಿಂದ ಬಂದದ್ದೇ ಹೆಚ್ಚು. ಫೋನು ಕಸಿಯುವುದು ಹಿಂಸೆ ಎಂಬುದನ್ನು ಆತನಿಗೆ ಮುಚ್ಚುಮರೆಯಿಲ್ಲದೆ ಹೇಳಿದೆ. ಪರಿವರ್ತನೆಯ ಹೊತ್ತಿನ ಸಂಕಟ ಎಷ್ಟೇ ದೊಡ್ಡದಿದ್ದರೂ ಅದಕ್ಕೆ ರಿಯಾಯಿತಿ ಇಲ್ಲ. ಮನಸ್ಸು ತಡೆಯದ ರಾತ್ರಿಗಳಿಗೆಂದು ಆಕೆಗೆ ಟೆಲಿ-ಮಾನಸ್ ಸಹಾಯವಾಣಿಯ 14416 ಸಂಖ್ಯೆಯನ್ನು ಕೊಟ್ಟೆ. ಫೋನಿನ ಘಟನೆ ಮರುಕಳಿಸಲಿಲ್ಲ.

ಹಾಸಿಗೆಯ ವಿಷಯವನ್ನು ಇಬ್ಬರೂ ಬಹಳ ತಡವಾಗಿ ಎತ್ತಿದರು. ಟೆಸ್ಟೊಸ್ಟಿರೋನ್‌ನಿಂದ ಕಾಮಾಸಕ್ತಿ ಹೆಚ್ಚುವುದು ಸಾಮಾನ್ಯ. ಆಕೆ ಸತತ ರಾತ್ರಿ ಪಾಳಿಯಿಂದ ದಣಿದಿದ್ದಳು. ಬೇಡವೆಂದರೆ ತನ್ನ ದೇಹವನ್ನೇ ನಿರಾಕರಿಸಿದಳೆಂದು ಆತ ನೊಂದುಕೊಳ್ಳುತ್ತಾನೆಂಬ ಹೆದರಿಕೆಯಿಂದ ಆಕೆ ಒಲ್ಲದ ಮನಸ್ಸಿನಲ್ಲೂ ಹೂಂ ಎನ್ನುತ್ತಿದ್ದಳು. ಇಂದು ಬೇಡ ಎಂಬುದು ಇಂದಿನ ದಣಿವಿನ ಮಾತು ಮಾತ್ರ, ಆತನ ಗಂಡಸುತನದ ಮೇಲಿನ ತೀರ್ಪಲ್ಲ ಎಂಬ ಒಪ್ಪಂದಕ್ಕೆ ಬರುವುದು ಹೇಳುವಷ್ಟು ಸುಲಭವಾಗಿರಲಿಲ್ಲ.

ಮನೆ

2023ರ ಕೊನೆಯ ಹೊತ್ತಿಗೆ ಆತನ ದನಿ ಗಂಡು ದನಿಯಾಗಿತ್ತು, ಮೇಲ್ದುಟಿಯ ಮೇಲೆ ಕೂದಲು ಮೂಡಿದ್ದವು. ಮಾಲೀಕರ ಹೆಂಡತಿ ಒಂದು ಬೆಳಿಗ್ಗೆ ನೀರು ಬಿಡಲು ಬಂದವಳು ಆಕೆಯನ್ನು ಬದಿಗೆ ಕರೆದು, “ಏನವ್ವಾ, ಅದು ಹುಡುಗೇನೋ ಹುಡುಗನೋ? ನಿನಗೇನಾಗಬೇಕು?” ಎಂದು ಕೇಳಿದಳು. ತಿಂಗಳೊಳಗೆ ಮನೆ ಬಿಡಲು ಹೇಳಿದರು. ಮಾಲೀಕರ ಆಕ್ಷೇಪ ಏನೆಂಬುದನ್ನು ಗಮನಿಸಬೇಕು. ಆತ ಟ್ರಾನ್ಸ್ ಪುರುಷ ಎಂಬುದನ್ನು ಅವರು ಪೂರ್ತಿ ಅರ್ಥಮಾಡಿಕೊಂಡಿರಲೇ ಇಲ್ಲ. ಮದುವೆಯಾಗದ ಗಂಡು ಹೆಣ್ಣು ಒಂದೇ ಮನೆಯಲ್ಲಿ ಇರುವುದು ಓಣಿಗೆ ಶೋಭೆಯಲ್ಲ ಎಂಬುದು ಅವರು ಕೊಟ್ಟ ಕಾರಣ. ಮೂರು ವರ್ಷದ ಹಿಂದೆ ಇದೇ ಇಬ್ಬರಿಗೆ ಸಂತೋಷದಿಂದ ಬೀಗದ ಕೈ ಕೊಟ್ಟ ಮನೆ ಅದು.

2019ರ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ (ಹಕ್ಕುಗಳ ರಕ್ಷಣೆ) ಕಾಯ್ದೆಯ 3ನೇ ಕಲಮು ಬಾಡಿಗೆಗೆ ಮನೆ ಪಡೆಯುವಲ್ಲಿ, ವಾಸಿಸುವಲ್ಲಿ ತಾರತಮ್ಯ ಮಾಡುವುದನ್ನು ನಿಷೇಧಿಸುತ್ತದೆ. ಇದನ್ನು ಅವರಿಗೆ ತಿಳಿಸಿದೆ. ಆದರೆ ಆ ಕಲಮನ್ನು ಹಿಡಿಯಬೇಕಾದರೆ ಆತ ಓಣಿಯ ಎದುರು ತಾನು ಯಾರೆಂದು ಹೇಳಬೇಕು. ಹೇಳಿದರೆ ಆಕೆಯ ಊರಿಗೆ ಸುದ್ದಿ ಮುಟ್ಟುತ್ತದೆ. ಸುಮ್ಮನಿದ್ದರೆ ಅವರು ಯಾವ ಕಾಯ್ದೆಯೂ ಕಾಯದ, ಮದುವೆಯಾಗದ ಸಾಮಾನ್ಯ ಜೋಡಿ. ಅವರು ಸುಮ್ಮನೆ ಮನೆ ಬಿಟ್ಟರು. ಮುಂದೆ ನೋಡಿದ ಮನೆಗಳಲ್ಲೆಲ್ಲ ಒಂದೇ ಪ್ರಶ್ನೆ: ಮದುವೆ ಆಗಿದೆಯಾ?

ಹೀಗೆ ಮದುವೆಯ ಮಾತು ಈ ಸಂಬಂಧದೊಳಗೆ ಪ್ರೀತಿಯಿಂದ ಬರಲಿಲ್ಲ, ಬಾಡಿಗೆ ಮನೆಯ ಅಗತ್ಯದಿಂದ ಬಂತು. ನನ್ನ ದೃಷ್ಟಿಯಲ್ಲಿ ಪ್ರಕರಣದ ಅತ್ಯಂತ ಕಠಿಣ ಘಟ್ಟ ಅಲ್ಲಿಂದಲೇ ಶುರುವಾಯಿತು.

ಮದುವೆಯ ಆತುರ

2023ರ ಅಕ್ಟೋಬರ್ 17ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಸಲಿಂಗ ವಿವಾಹಕ್ಕೆ ಮಾನ್ಯತೆ ನೀಡಲು ನಿರಾಕರಿಸಿತು. ಅದೇ ತೀರ್ಪಿನಲ್ಲಿ, ಗಂಡು ಹೆಣ್ಣಿನ ಸಂಬಂಧದಲ್ಲಿರುವ ಟ್ರಾನ್ಸ್ ವ್ಯಕ್ತಿಗಳು ಈಗಿರುವ ವಿವಾಹ ಕಾನೂನುಗಳ ಅಡಿಯಲ್ಲೇ ಮದುವೆಯಾಗಬಹುದೆಂದೂ ಹೇಳಿತು. ಅದಕ್ಕೂ ಮೊದಲು, 2019ರ ಏಪ್ರಿಲ್‌ನಲ್ಲಿ, ಮದ್ರಾಸ್ ಹೈಕೋರ್ಟಿನ ಮದುರೈ ಪೀಠ ಹಿಂದೂ ವಿವಾಹ ಕಾಯ್ದೆಯ ‘ವಧು’ವಿನಲ್ಲಿ ಟ್ರಾನ್ಸ್ ಮಹಿಳೆಯೂ ಸೇರುತ್ತಾಳೆಂದು ತೀರ್ಪು ನೀಡಿತ್ತು. ಅಂದರೆ ಇಬ್ಬರು ಹೆಣ್ಣುಗಳಾಗಿ ಈ ಜೋಡಿಗೆ ಮುಚ್ಚಿದ್ದ ಬಾಗಿಲು ಗಂಡು ಹೆಣ್ಣಾಗಿ ತೆರೆದಿತ್ತು. ಆತನಿಗೆ ಆದ ಸಂತೋಷವನ್ನು ಹೇಳಲಾಗದು. ಆ ಎರಡು ಮಾತುಗಳೂ ಒಂದೇ ತೀರ್ಪಿನಲ್ಲಿದ್ದುದು ಆಕೆಗೆ ಬೇರೆಯೇ ರೀತಿ ತಟ್ಟಿತು. ಅದನ್ನು ಮುಂದೆ ಹೇಳುತ್ತೇನೆ.

ಕಾಗದದಲ್ಲಿ ತೊಡಕಿತ್ತು. 2019ರ ಟ್ರಾನ್ಸ್‌ಜೆಂಡರ್ ಕಾಯ್ದೆಯ ಆಗ ಜಾರಿಯಲ್ಲಿದ್ದ 6ನೇ ಕಲಮಿನಂತೆ, ರಾಷ್ಟ್ರೀಯ ಪೋರ್ಟಲ್‌ನಲ್ಲಿ ಅರ್ಜಿ ಹಾಕಿ ಅಫಿಡವಿಟ್ ಮೂಲಕ ತನ್ನ ಗುರುತನ್ನು ಘೋಷಿಸಿಕೊಂಡರೆ, ಯಾವ ದೈಹಿಕ ಪರೀಕ್ಷೆಯೂ ಇಲ್ಲದೆ ಜಿಲ್ಲಾಧಿಕಾರಿಗಳು ಗುರುತಿನ ಪತ್ರ ಕೊಡಬೇಕಿತ್ತು. ಆತನಿಗೆ 2024ರಲ್ಲಿ ಅದು ಸಿಕ್ಕಿತು. ಆದರೆ ಅದರಲ್ಲಿ ಇರುವುದು ‘ಟ್ರಾನ್ಸ್‌ಜೆಂಡರ್’ ಎಂದು. ‘ಪುರುಷ’ ಎಂದು ಬರೆಸಿಕೊಳ್ಳಲು 7ನೇ ಕಲಮು. ಅದು ಆಗ ಶಸ್ತ್ರಚಿಕಿತ್ಸೆಯ ಮಾತನ್ನು ಆಡುತ್ತಿತ್ತು. 2020ರ ನಿಯಮಗಳೋ ವೈದ್ಯಕೀಯ ಮಧ್ಯಪ್ರವೇಶವೆಂದರೆ ಆಪ್ತಸಮಾಲೋಚನೆ, ಹಾರ್ಮೋನು ಚಿಕಿತ್ಸೆಯೂ ಸೇರುತ್ತವೆಂದು ವಿಶಾಲವಾಗಿ ಹೇಳುತ್ತಿದ್ದವು. ಕಾಯ್ದೆ ಓದಿದವರು ಒಂದು ಹೇಳಿದರು, ನಿಯಮ ಓದಿದವರು ಇನ್ನೊಂದು ಹೇಳಿದರು. ನಡುವೆ ದಲ್ಲಾಳಿಯೊಬ್ಬ ಕೆಳಭಾಗದ ಶಸ್ತ್ರಚಿಕಿತ್ಸೆ ಆಗದೆ ಮದುವೆ ನೋಂದಣಿ ಸಾಧ್ಯವೇ ಇಲ್ಲವೆಂದು ಹೆದರಿಸಿ ಹಣ ಕೇಳಿದ. ಆತ ಸಾಲ ಮಾಡಲು ಸಿದ್ಧನಾದ.

ಇಲ್ಲಿ ನಾನು ಮಾಡಿದ್ದು ಒಂದೇ ಕೆಲಸ: ಚಿಕಿತ್ಸೆಯ ನಿರ್ಧಾರ ಮತ್ತು ಮದುವೆಯ ನಿರ್ಧಾರವನ್ನು ಬೇರ್ಪಡಿಸಿದ್ದು. ಊರಿನಲ್ಲಿ ಯಾವ ಕಾಗದವೂ ಬೇಕಿಲ್ಲ, ಯಾರೂ ಮದುವೆಯ ಮಾತೆತ್ತುವುದಿಲ್ಲ ಎಂದುಕೊಂಡರೆ ನಿನಗೆ ಯಾವ ಶಸ್ತ್ರಚಿಕಿತ್ಸೆ ಬೇಕು ಎಂದು ಆತನನ್ನು ಕೇಳಿದೆ. ಎದೆಯದು ಬೇಕು, ಅದು ಹತ್ತು ವರ್ಷದಿಂದ ಬೇಕು. ಉಳಿದದ್ದರ ಬಗ್ಗೆ ಈಗ ಆಸೆಯಿಲ್ಲ ಎಂದ. ಹಾಗಾದರೆ ಆ ಉಳಿದದ್ದನ್ನು ಬಾಡಿಗೆ ಮನೆಗಾಗಿ ಮಾಡಿಸಿಕೊಳ್ಳುವುದೇ ಎಂಬ ಪ್ರಶ್ನೆಗೆ ಉತ್ತರ ಹೇಳುವ ಅಗತ್ಯ ಬೀಳಲಿಲ್ಲ.

ವಿಶೇಷ ವಿವಾಹ ಕಾಯ್ದೆಯ ದಾರಿಯಲ್ಲಿ ಮೂವತ್ತು ದಿನಗಳ ನೋಟಿಸು ಕಚೇರಿಯ ಎದ್ದು ಕಾಣುವ ಜಾಗದಲ್ಲಿ ಅಂಟಬೇಕು. ಊರುಗಳು ಇಷ್ಟು ಹತ್ತಿರವಿರುವ ಜೋಡಿಗೆ ಅದರ ಅಪಾಯ ಏನೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಜೊತೆಗೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಜಾತಿ ಪ್ರಮಾಣಪತ್ರ, ಕಲ್ಯಾಣ ಕರ್ನಾಟಕದವರಿಗೆ ಸರ್ಕಾರಿ ನೌಕರಿಯ ಸ್ಥಳೀಯ ಮೀಸಲಾತಿಗೆ ಬೇಕೇಬೇಕಾದ 371(ಜೆ) ಪ್ರಮಾಣಪತ್ರ ಎಲ್ಲವೂ ಹಳೆಯ ಹೆಸರಿನಲ್ಲಿದ್ದವು. ರಾಜ್ಯ ಸರ್ಕಾರದ ನೇಮಕಾತಿಯಲ್ಲಿ 2021ರಿಂದ ಟ್ರಾನ್ಸ್ ವ್ಯಕ್ತಿಗಳಿಗಿರುವ ಶೇ 1ರ ಮೀಸಲಾತಿಗೆ ಅರ್ಜಿ ಹಾಕುವ ಆಸೆ ಆತನಿಗಿತ್ತು. ಅದಕ್ಕೆ ‘ಟ್ರಾನ್ಸ್‌ಜೆಂಡರ್’ ಎಂಬ ಪತ್ರ ಬೇಕು, ಮದುವೆಗೆ ‘ಪುರುಷ’ ಎಂಬ ಪತ್ರ ಬೇಕು. 2024ರ ಡಿಸೆಂಬರ್‌ನಲ್ಲಿ ಕರ್ನಾಟಕ ಹೈಕೋರ್ಟು ಜನನ ಪ್ರಮಾಣಪತ್ರದಲ್ಲಿ ಬದಲಾದ ಹೆಸರು, ಲಿಂಗವನ್ನು ನಮೂದಿಸಬೇಕೆಂದು ಹೇಳಿದಾಗ, ಹಳೆಯ ವಿವರವೂ ಅದರಲ್ಲಿ ಉಳಿಯುವ ಏರ್ಪಾಟೇ ಆಗಿತ್ತು.

ಎರಡು ಮನೆತನಗಳು

ಆತನ ತಾಯಿ ಮೊದಲು ಮಾಡಿದ್ದು ಮಗುವನ್ನು ಹುಲಿಗಿಗೆ ಕರೆದುಕೊಂಡು ಹೋದದ್ದು. ಹುಲಿಗೆಮ್ಮನ ಸನ್ನಿಧಿಯಲ್ಲಿ ಮುತ್ತು ಕಟ್ಟಿಸಿಕೊಂಡ ಜೋಗಪ್ಪಂದಿರನ್ನು ಈ ಸೀಮೆಯ ಜನ ತಲೆಮಾರುಗಳಿಂದ ನೋಡಿದ್ದಾರೆ. ಬಳ್ಳಾರಿ ಸೀಮೆಯವರೇ ಆದ ಮಂಜಮ್ಮ ಜೋಗತಿಯವರಿಗೆ 2021ರಲ್ಲಿ ಪದ್ಮಶ್ರೀ ಬಂದದ್ದು ಮನೆಮನೆಯ ಸುದ್ದಿಯಾಗಿತ್ತು. ಗಂಡಾಗಿ ಹುಟ್ಟಿ ಹೆಣ್ಣಾಗುವವರಿಗೆ ಇಲ್ಲಿ ಒಂದು ಜಾಗವಿದೆ, ಅದು ಎಷ್ಟೇ ಕಷ್ಟದ ಜಾಗವಾಗಿದ್ದರೂ. “ಅವರದ್ದು ಅಮ್ಮನ ಆಟ. ಇದು ಯಾರ ಆಟ?” ಎಂದು ತಾಯಿ ಕೇಳಿದರು. ಹೆಣ್ಣೆಂದು ಹೆಸರಿಟ್ಟ ಮಗು ಗಂಡಾಗುವುದನ್ನು ಇಡಲು ಅವರ ಲೋಕದಲ್ಲಿ ಗೂಡಿರಲಿಲ್ಲ. ಬಂಧುವೊಬ್ಬರು ‘ಹುಡುಗಿ’ಗೂ ಮುತ್ತು ಕಟ್ಟಿಸಿಬಿಡಿ ಎಂದರು. ಹೆಣ್ಣನ್ನು ದೇವರಿಗೆ ಬಿಡುವುದು ಆಗ ಜಾರಿಯಲ್ಲಿದ್ದ 1982ರ ಕರ್ನಾಟಕ ದೇವದಾಸಿ ಸಮರ್ಪಣೆ ನಿಷೇಧ ಕಾಯ್ದೆಯಂತೆ ಅಪರಾಧವಾಗಿತ್ತು. ತಾಯಿಯನ್ನು ತಡೆದದ್ದು ಕಾಯ್ದೆಯಲ್ಲ, ಗುಡಿಯ ಬಳಿ ಸಿಕ್ಕ ವಯಸ್ಸಾದ ಜೋಗತಿಯೊಬ್ಬರು. ಇದು ನಮ್ಮ ದಾರಿಯ ಕೂಸಲ್ಲ, ಇದಕ್ಕೆ ಮುತ್ತೂ ಬೇಡ, ಶಾಪವೂ ಬೇಡ, ಮನೆಗೆ ಕರೆದುಕೊಂಡು ಹೋಗು ಎಂದರಂತೆ.

ಅಣ್ಣನ ಚಿಂತೆ ಹೊಲದ ಬಗ್ಗೆ. 2005ರ ತಿದ್ದುಪಡಿಯ ನಂತರ ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತ ಆಸ್ತಿಯಲ್ಲಿ ಗಂಡುಮಕ್ಕಳಷ್ಟೇ ಪಾಲಿದೆ; ಕಾನೂನಿನಲ್ಲಿ ಆತನ ಪಾಲು ಒಂದು ಗುಂಟೆಯೂ ಹೆಚ್ಚಾಗಲಿಲ್ಲ. ಆದರೆ ರೂಢಿಯಲ್ಲಿ ತಂಗಿ ಹಕ್ಕುಬಿಡುಗಡೆ ಪತ್ರಕ್ಕೆ ಸಹಿ ಮಾಡಿಕೊಡುತ್ತಾಳೆ, ತಮ್ಮ ಮಾಡುವುದಿಲ್ಲ. ಅಣ್ಣನ ಧರ್ಮಸಂಕಟದ ಮೂಲ ಇದು ಎಂದು ಗೊತ್ತಾದ ಮೇಲೆ ಆತನೊಂದಿಗೆ ಮಾತಾಡುವುದು ನನಗೆ ಸುಲಭವಾಯಿತು.

ಆಕೆಯ ಮನೆಯಲ್ಲಿ ಸೋದರತ್ತೆಯ ಮಗನೊಂದಿಗೆ ಮದುವೆಯ ಮಾತು ನಡೆದಿತ್ತು. 2024ರ ಬೇಸಿಗೆಯಲ್ಲಿ ವಿಷಯ ತಿಳಿದು ಮಗಳು ಕಾಣೆಯಾಗಿದ್ದಾಳೆಂದು ದೂರು ಕೊಟ್ಟರು. ಠಾಣೆಯಲ್ಲಿ ಆಕೆ ತಾನು ವಯಸ್ಕಳು, ತನ್ನಿಚ್ಛೆಯಿಂದ ಇದ್ದೇನೆ ಎಂದು ಹೇಳಿಕೆ ಬರೆದುಕೊಟ್ಟು ಡ್ಯೂಟಿಗೆ ಮರಳಿದಳು. ಆ ದಿನ ಅಲ್ಲಿ ಆತನನ್ನು ಮೊದಲ ಸಲ ನೋಡಿದ ಆಕೆಯ ತಂದೆ ಕೇಳಿದ ಪ್ರಶ್ನೆ, “ಹುಡುಗ ಯಾವ ಮಂದಿ?” ಎಂದು. ಜಾತಿ ಬೇರೆಯೆಂದು ತಿಳಿದು ಎದ್ದುಹೋದರು. ಆತನನ್ನು ಗಂಡೆಂದು ಲೋಕ ಒಪ್ಪಿದ ಕ್ಷಣದಿಂದ, ಗಂಡು ಹೆಣ್ಣು ಪ್ರೀತಿಸಿದಾಗ ಏಳುವ ಎಲ್ಲ ಗೋಡೆಗಳೂ ಎದ್ದವು. ಇದನ್ನು ಆತ ಒಂದು ಬಗೆ ಹೆಮ್ಮೆಯಿಂದಲೇ ನನಗೆ ಹೇಳಿದ. ಆಕೆ ನಗಲಿಲ್ಲ.

ಆಕೆ ಹೇಳದೆ ಉಳಿಸಿಕೊಂಡದ್ದು

ಆಕೆಯ ದುಃಖ ಹೊರಬರಲು ಒಂದೂವರೆ ವರ್ಷ ಹಿಡಿಯಿತು. ಆತ ಮೊದಲು ಕೆಲಸ ಮುಗಿಸಿ ಬಂದು ಮಾಳಿಗೆಯ ಮೇಲೆ ತತ್ವಪದ ಹಾಡುತ್ತಿದ್ದ. ದನಿ ಒಡೆದ ಮೇಲೆ ಹಾಡು ನಿಂತಿತ್ತು. ಹಳೆಯ ದನಿಯ ರೆಕಾರ್ಡಿಂಗ್‌ಗಳನ್ನು ಆಕೆ ಪಾಳಿಯ ನಡುವೆ ಕದ್ದು ಕೇಳುತ್ತಿದ್ದಳು, ಕದ್ದು ಏಕೆಂದರೆ ಆತನಿಗೆ ಆ ದನಿ ಕೇಳಿದರೆ ಹಿಂಸೆಯಾಗುತ್ತಿತ್ತು. ಅದಕ್ಕಿಂತ ಆಳದ್ದು 2018ರಲ್ಲಿ ಆಕೆ ತನ್ನ ಬಗ್ಗೆ ಕಂಡುಕೊಂಡಿದ್ದ ತಿಳಿವಳಿಕೆ. ಹೆಣ್ಣನ್ನು ಪ್ರೀತಿಸುವ ಹೆಣ್ಣು ಎಂದು ಅಷ್ಟು ಕಷ್ಟಪಟ್ಟು ಒಪ್ಪಿಕೊಂಡಿದ್ದವಳಿಗೆ ಈಗ ಗಂಡಸೊಬ್ಬನ ಹೆಂಡತಿಯಾಗುವ ಮಾತು ನಡೆದಿತ್ತು. ತನ್ನಂಥವರಿಗೆ ಮದುವೆ ಇಲ್ಲವೆಂದೂ ಆತನಿಗೆ ಇದೆಯೆಂದೂ ಒಂದೇ ತೀರ್ಪು ಹೇಳಿತ್ತು. “ಅವನಿಗೆ ಅವನು ಸಿಕ್ಕ. ನಾನು ಎಲ್ಲಿ ಹೋದೆ?” ಎಂದಳು. ಇದನ್ನು ಆಡಿದರೆ ಆತನನ್ನು ಗಂಡೆಂದು ಒಪ್ಪಿಲ್ಲವೆಂಬ ಅರ್ಥ ಬರುತ್ತದೆಂದು ಯಾರ ಬಳಿಯೂ ಆಡಿರಲಿಲ್ಲ.

ಇಬ್ಬರನ್ನೂ ಕೂಡಿಸಿ ಇದನ್ನು ಮಾತಾಡಿಸುವ ಮೊದಲು ಆತನಿಗೆ ಒಂದು ಷರತ್ತು ಹಾಕಿದ್ದೆ: ಆಕೆ ಮುಗಿಸುವವರೆಗೆ ಸಮರ್ಥನೆಗೆ ಇಳಿಯಬಾರದು. ಆತ ಕೇಳಿದ, ಎದ್ದು ಹೊರಟ, ಒಂದು ವಾರ ಅಣ್ಣನ ಮನೆಯಲ್ಲಿದ್ದ. ಈ ವಾರವನ್ನು ಬಂಧುಗಳೆಲ್ಲ ಸಂಬಂಧ ಮುಗಿದ ಲಕ್ಷಣವೆಂದು ಓದಿದರು. ಮರಳಿ ಬಂದಾಗ ಆತ ಕೇಳಿದ ಪ್ರಶ್ನೆ ನನಗೆ ಮುಖ್ಯವೆನಿಸಿತು: ಆಕೆ ದುಃಖಪಡಬಹುದು, ಆದರೆ ನಾನು ಅದಕ್ಕೆ ಏನು ಮಾಡಬೇಕು? ಏನೂ ಮಾಡಬೇಕಾಗಿಲ್ಲ, ಅದನ್ನು ತಿದ್ದಲು ಹೋಗದಿದ್ದರೆ ಸಾಕು ಎಂದೆ. ಸಂಗಾತಿಯ ದುಃಖವನ್ನು ನಿರಾಕರಣೆ ಎಂದು ಓದುವ ಅಭ್ಯಾಸ ಕುಟುಂಬದವರಲ್ಲಿ ಮಾತ್ರವಲ್ಲ, ನನ್ನ ವೃತ್ತಿಯವರಲ್ಲೂ ಇದೆ. ದುಃಖಿಸಲು ಜಾಗ ಸಿಕ್ಕ ಮೇಲೆಯೇ ಆಕೆ ಆತನ ಹೊಸ ಹೆಸರನ್ನು ತಡವರಿಸದೆ ಕರೆಯತೊಡಗಿದ್ದನ್ನು ಅವರ ಗಮನಕ್ಕೆ ತರಬಯಸುತ್ತೇನೆ.

ಕೂಡಿರುತ್ತೀರೋ ಬೇರೆಯಾಗುತ್ತೀರೋ ಎಂಬ ಪ್ರಶ್ನೆಯನ್ನು ಮನೆ ಮಾಲೀಕರಿಂದ ಠಾಣೆಯವರೆಗೆ ಎಲ್ಲರೂ ಈ ಜೋಡಿಗೆ ಕೇಳಿದ್ದರು. ಅದನ್ನು ಒಂದು ವರ್ಷ ಯಾರೂ ಎತ್ತಬಾರದೆಂದು, ನಾನೂ ಸೇರಿ, ತೀರ್ಮಾನಿಸಿದೆವು. ಗೆಳತಿಯರನ್ನು ಕಾಣಲು, ತನ್ನಂಥ ಹೆಣ್ಣುಮಕ್ಕಳ ಕೂಟಕ್ಕೆ ಹೋಗಲು ಆಕೆ ಆತನ ಅಪ್ಪಣೆ ಕೇಳಬೇಕಾಗಿಲ್ಲ ಎಂಬುದೂ ಆ ತೀರ್ಮಾನದಲ್ಲಿತ್ತು.

ಈಗಿನ ಸ್ಥಿತಿ

ಎದೆಯ ಶಸ್ತ್ರಚಿಕಿತ್ಸೆ 2024ರ ಡಿಸೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಆಯಿತು. ಆಸ್ಪತ್ರೆಯಲ್ಲಿ ರಾತ್ರಿಯ ಅಟೆಂಡರ್ ಆಗಿ ಉಳಿದದ್ದು ಅಣ್ಣ. ಆಕೆ ಹಗಲು ಬಂದು, ಕೈ ಹಿಡಿದು ಕುಳಿತು, ಸಂಜೆ ಗೆಳತಿಯ ಮನೆಗೆ ಹೋಗುತ್ತಿದ್ದಳು. ಗಾಯದ ಸ್ರಾವ ಹರಿದುಹೋಗಲು ಹಾಕುವ ಡ್ರೈನಿನ ನಳಿಕೆಗಳನ್ನು ತಾನು ಮುಟ್ಟುವುದಿಲ್ಲವೆಂದು ಮೊದಲೇ ಹೇಳಿದ್ದಳು. 2025ರ ಆರಂಭದಲ್ಲಿ ಆಕೆಗೆ ಹೊಸಪೇಟೆಯ ಆಸ್ಪತ್ರೆಯೊಂದರಲ್ಲಿ ಕೆಲಸ ಸಿಕ್ಕಿತು, ಅಲ್ಲಿಯೇ ಹಾಸ್ಟೆಲ್ ಹಿಡಿದಿದ್ದಾಳೆ. ಆತ ಬಳ್ಳಾರಿಯಲ್ಲಿ ಘಟಕದ ಇಬ್ಬರೊಂದಿಗೆ ಕೋಣೆ ಹಂಚಿಕೊಂಡಿದ್ದಾನೆ. ಗಂಡಸರ ನಡುವೆ ಗಂಡಸಾಗಿ ಇರುವ ಆ ಕೋಣೆ ತನಗೆ ಇಷ್ಟವೆಂದೂ ಆಕೆಯಿಲ್ಲದ ಮನೆ ಇಷ್ಟವಿಲ್ಲವೆಂದೂ ಒಟ್ಟಿಗೆ ಹೇಳುತ್ತಾನೆ. ವಾರದ ರಜೆಯಂದು ರೈಲು ಹಿಡಿದು ಒಬ್ಬರು ಇನ್ನೊಬ್ಬರ ಊರಿಗೆ ಹೋಗುತ್ತಾರೆ. ಬೇರೆ ಇರುವುದನ್ನು ಬಂಧುಗಳು ಸೋಲೆಂದು ಲೆಕ್ಕ ಹಾಕಿದ್ದಾರೆ. ಕಳೆದ ನಾಲ್ಕು ತಿಂಗಳಲ್ಲಿ ಆದಷ್ಟು ಮಾತು ಒಂದೇ ಮನೆಯಲ್ಲಿದ್ದ ಕೊನೆಯ ವರ್ಷ ಆಗಿರಲಿಲ್ಲ ಎಂದು ಇಬ್ಬರೂ ಹೇಳುತ್ತಾರೆ, ಮತ್ತು ಸದ್ಯಕ್ಕೆ ನಾನು ಅದನ್ನು ನಂಬುತ್ತೇನೆ.

ಮದುವೆಯ ನೋಟಿಸು ಕೊಟ್ಟಿಲ್ಲ. ಅಂಕಪಟ್ಟಿಯ ತಿದ್ದುಪಡಿ ಮುಗಿಯುವವರೆಗೆ ಕೊಡುವುದಿಲ್ಲವೆಂದು ಆತ ಹೇಳುತ್ತಾನೆ. ಅದು ಮುಗಿದ ಮೇಲೂ ತನಗೆ ಬೇಕೋ ಬೇಡವೋ ಇನ್ನೂ ಗೊತ್ತಿಲ್ಲವೆಂದು ಆಕೆ ಆತನ ಎದುರಿಗೇ ಹೇಳಿದ್ದಾಳೆ. ಆಕೆಗೆ ಮಗು ಬೇಕು. ಹಾರ್ಮೋನು ಆರಂಭಿಸುವ ಮುನ್ನ ಅಂಡಾಣು ಶೇಖರಿಸುವ ಮಾತನ್ನು ವೈದ್ಯರು ಎತ್ತಿದ್ದರು, ಆತ ಬೇಡವೆಂದಿದ್ದ, ಆ ದಿನ ಆಕೆಯನ್ನು ಯಾರೂ ಕೇಳಿರಲಿಲ್ಲ. ತಾನೇ ಬಸುರಿಯಾಗುವ ದಾರಿಗಳು ಏನಿವೆ, ಅದಕ್ಕೆ ಮದುವೆ ಬೇಕೇ ಎಂದು ತಿಳಿದುಕೊಳ್ಳಲು ಮುಂದಿನ ಭೇಟಿಗೆ ಆಕೆ ಒಬ್ಬಳೇ ಬರುತ್ತಿದ್ದಾಳೆ.